ಹಳೇದು ಬಿಡು ಅಂದ್ರೆ ಹಳೇಬೀಡಿನವರು ಬಿಡ್ತಾರಾ?

ಮೊನ್ನೆ ಬೇಲೂರಿಗೆ ಹೋಗಿದ್ದೆ. ಅಲ್ಲಿ ನಮ್ಮ ಮಾವನದು ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಜೊತೆಗೊಂದು ಜೆರಾಕ್ಸ್ ಮಿಷನ್ನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಮೇಲೆ ಮಾವನ ಮಗ ಹೊಸ ಕಂಪ್ಯೂಟರ್ ತಂದು ಕೂರಿಸಿದ್ದಾನೆ. ವಿಂಡೋಸ್ 11. ಮಾವ ಕನ್ನಡಕ ಏರಿಸಿಕೊಂಡು ಮೌಸನ್ನು ಸೀದಾ ಎಡಗಡೆಯ ಕೆಳಮೂಲೆಗೆ ಒಯ್ದು ಒತ್ತಿದರು. ಸ್ಟಾರ್ಟ್ ಮೆನು ಬರಲಿಲ್ಲ, ಹವಾಮಾನ ಬಂತು. ಇನ್ನೊಮ್ಮೆ ಒತ್ತಿದರು. ಮತ್ತೆ ಹವಾಮಾನ!

"ಮಳೆ ಬರುತ್ತಾ ಅಂತ ಇದನ್ನ ಯಾರೋ ಕೇಳಿದ್ರು?" ಅಂದರು.

ನಗು ಬಂತು. 2021ರಲ್ಲಿ ಬಂದ ಈ ಆವೃತ್ತಿಯಲ್ಲಿ ಸ್ಟಾರ್ಟ್ ಬಟನ್ ಪರದೆಯ ನಡುವಿಗೆ ಹೋಗಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಎಡಕ್ಕೆ ತಂದುಕೊಟ್ಟೆ, ಒಂದು ನಿಮಿಷದ ಕೆಲಸ. ಆದರೆ ಮಾವನ ಕೈ ತಾನಾಗಿಯೇ ಆ ಮೂಲೆಗೆ ಹೋದದ್ದನ್ನು ನೋಡಿ, ಇಪ್ಪತ್ತು ವರ್ಷದ ಹಿಂದೆ ನಾನೇ ಮಾಡಿದ ಒಂದು ತಪ್ಪು ನೆನಪಾಯಿತು. ಅದನ್ನು ಹೇಳುವ ಮುಂಚೆ ಸ್ವಲ್ಪ ಇತಿಹಾಸ ನೋಡೋಣ.

ಸ್ಟಾರ್ಟ್ ಬಟನ್ ಜಗತ್ತಿಗೆ ಬಂದದ್ದು 1995ರ ಆಗಸ್ಟ್ 24ರಂದು, ವಿಂಡೋಸ್ 95ರ ಜೊತೆ. ನಾನು ಅದನ್ನು ನೋಡಿದ್ದು ಅರಸೀಕೆರೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ, ವಿಂಡೋಸ್ 98ರಲ್ಲಿ. ಒಂದು ಕಂಪ್ಯೂಟರಿಗೆ ಮೂರು ಜನ, ಅದೂ ಕರೆಂಟ್ ಇದ್ದರೆ. ಉಳಿದ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆಯುವುದು: ಮೊದಲು ಸ್ಟಾರ್ಟ್, ಆಮೇಲೆ ಪ್ರೋಗ್ರಾಮ್ಸ್, ಆಮೇಲೆ ಆಕ್ಸೆಸರೀಸ್, ಆಮೇಲೆ ಪೇಂಟ್. ಮಗ್ಗಿಯ ಹಾಗೆ ಬಾಯಿಪಾಠ. ಆ ದಾರಿ ನಾಳೆ ಬದಲಾಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

2001ರ ಅಕ್ಟೋಬರ್ 25ಕ್ಕೆ ಎಕ್ಸ್‌ಪಿ ಬಂತು. ನೀಲಿ ಪಟ್ಟಿ, ಹಸಿರು ಬಟನ್ನು, ಹಸಿರು ಗುಡ್ಡದ ಚಿತ್ರ. ಆ ಚಿತ್ರ ಚಾರ್ಲ್ಸ್ ಓರಿಯರ್ ಅನ್ನುವವರು 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದದ್ದು. ನಮ್ಮ ಕ್ಲಾಸಿನಲ್ಲಿ ಮಾತ್ರ ಅದು ಬಾಬಾಬುಡನ್‌ಗಿರಿ ಕಡೆಯದು ಅಂತ ವಾದ ಮಾಡಿದವರಿದ್ದರು :) ಹೊರದೇಶದ ಬಳಕೆದಾರರು ಆ ಬಣ್ಣಗಳನ್ನು ಮಕ್ಕಳ ಆಟಿಕೆ ಅಂತ ಆಡಿಕೊಂಡರು. ಇಷ್ಟವಾಗದವರಿಗೆ 'ಕ್ಲಾಸಿಕ್' ಅನ್ನುವ ಆಯ್ಕೆ ಇತ್ತು. ಅದನ್ನು ಆರಿಸಿದರೆ ಮುಖ ಮತ್ತೆ 98ರಂತೆ ಆಗುತ್ತಿತ್ತು. ಈ ಮಾತು ನೆನಪಿರಲಿ.

ಈಗ ನನ್ನ ತಪ್ಪು. 2004ರ ಮದುವೆ ಸೀಸನ್ನು. ಮಾವನ ಕಂಪ್ಯೂಟರಿಗೆ ಒಂದು ರಾತ್ರಿ ಕೂತು ಎಕ್ಸ್‌ಪಿ ಹಾಕಿದೆ. ಅವರು ಕೇಳಿರಲಿಲ್ಲ, ನನ್ನದೇ ಉತ್ಸಾಹ. ಐಕಾನ್‌ಗಳನ್ನೆಲ್ಲ 'ಚೆಂದ' ಮಾಡಿ ಜೋಡಿಸಿ, ಬೆಳಗಿನ ಮೊದಲ ಬಸ್ಸಿಗೆ ಅರಸೀಕೆರೆಗೆ ಹೊರಟೆ. ಮಾವನ ಹತ್ತಿರ ಮೊಬೈಲ್ ಇರಲಿಲ್ಲ. ಅವತ್ತು ಮಧ್ಯಾಹ್ನದೊಳಗೆ ಒಂದು ಲಗ್ನಪತ್ರಿಕೆಯ ಪ್ರೂಫ್ ಕೊಡಬೇಕಿತ್ತು. ಫೈಲ್ ಕಂಪ್ಯೂಟರಿನಲ್ಲೇ ಇತ್ತು, ಮಾವನಿಗೆ ಅದರ ದಾರಿ ಸಿಗಲಿಲ್ಲ. ಹೆಣ್ಣಿನ ಕಡೆಯವರು ಸಂಜೆವರೆಗೆ ಕಾದು, ಹಾಸನಕ್ಕೆ ಹೋಗಿ ಮಾಡಿಸಿಕೊಂಡರು. ಆ ಮನೆಯವರು ಮತ್ತೆ ಅಂಗಡಿಗೆ ಬರಲಿಲ್ಲ.

ಮುಂದಿನ ವಾರ ಹೋದಾಗ ಮಾವ ಬೈಯಲಿಲ್ಲ. "ನಾನು ಅದರಲ್ಲಿ ಇಂಗ್ಲಿಷ್ ಓದ್ತಿರಲಿಲ್ಲ ಕಣೋ. ಕೆಳಗಿಂದ ಮೂರನೇದು, ಬಲಕ್ಕೆ ಹೋಗಿ ಎರಡನೇದು ಅಂತ ಲೆಕ್ಕ ಇಟ್ಕೊಂಡಿದ್ದೆ" ಅಂದರು.

ಮಾವ ಮೊದಲು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಯಾವ ಅಕ್ಷರದ ಮೊಳೆ ಯಾವ ಖಾನೆಯಲ್ಲಿದೆ ಅಂತ ಅವರ ಕೈಗೆ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಕಂಪ್ಯೂಟರನ್ನೂ ಹಾಗೆಯೇ ಕಲಿತಿದ್ದರು. ನಾನು ಮಾಡಿದ್ದು, ರಾತ್ರೋರಾತ್ರಿ ಬಂದು ಖಾನೆಗಳ ಮೊಳೆಗಳನ್ನೆಲ್ಲ ಅದಲುಬದಲು ಮಾಡಿ ಹೋದ ಕೆಲಸ.

ಇಂಟರ್‌ಫೇಸ್ ಬದಲಾದಾಗ ಗೊಣಗುವವರನ್ನು 'ಹೊಸದಕ್ಕೆ ಹೆದರುವವರು' ಅನ್ನುತ್ತಾರೆ. ಇಂಗ್ಲಿಷ್ ಓದುವವನಿಗೆ ಬಟನ್ ಜಾಗ ಬದಲಿಸಿದರೆ ಹೆಸರು ಓದಿ ಹುಡುಕಿಕೊಳ್ಳುತ್ತಾನೆ. ಜಾಗವನ್ನೇ ಅಕ್ಷರ ಮಾಡಿಕೊಂಡು ಕಲಿತವನಿಗೆ ಜಾಗ ಬದಲಾದರೆ ಕಲಿತದ್ದೇ ಅಳಿಸಿಹೋಗುತ್ತದೆ. ನಮ್ಮ ತಾಲ್ಲೂಕುಗಳ ಅಂಗಡಿಗಳಲ್ಲಿ ಕಂಪ್ಯೂಟರ್ ಕಲಿತ ಎಷ್ಟೋ ಜನ ಈ ಎರಡನೇ ಬಗೆಯವರು.

ಇನ್ನೊಂದು ವಿಷಯ. ವಿಂಡೋಸ್‌ನ ಇತಿಹಾಸವನ್ನು ಜಗತ್ತು ಬಟನ್ನುಗಳ ಲೆಕ್ಕದಲ್ಲಿ ಬರೆಯುತ್ತದೆ, ಕನ್ನಡ ಬ್ಲಾಗಿಗರು ಬರೆದರೆ ಅಕ್ಷರಗಳ ಲೆಕ್ಕದಲ್ಲಿ ಬರೆಯಬೇಕು. 98ರಲ್ಲಿ ಯೂನಿಕೋಡ್ ಕನ್ನಡ ತೆರೆದರೆ ಬರೀ ಚೌಕ ಚೌಕ ಡಬ್ಬಿಗಳು. ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಟಿಕ್ ಹಾಕಬೇಕು, ಆಗ ಅದು ಸೀಡಿ ಕೇಳುತ್ತಿತ್ತು. ಸೀಡಿ ಯಾರ ಹತ್ತಿರ ಇತ್ತು ಹೇಳಿ! 2007ರ ಜನವರಿ 30ಕ್ಕೆ ವಿಸ್ಟಾ ಬಂದಾಗ ಲೋಕವೆಲ್ಲ ಬೈಯಿತು. ನಿಧಾನ, ಭಾರ, ಮಾತುಮಾತಿಗೂ ಅನುಮತಿ ಕೇಳುತ್ತದೆ ಅಂತ. ಬೈದದ್ದು ಸರಿಯೇ. ಆದರೆ ಸೀಡಿ ಕೇಳದೆ ಕನ್ನಡ ಸರಿಯಾಗಿ ಕಾಣಿಸಿದ ವಿಂಡೋಸ್ ಅದು. ಆ ಪಾಪದ ವಿಸ್ಟಾಗೆ ನಮ್ಮ ಕಡೆಯಿಂದ ಒಂದು ಥ್ಯಾಂಕ್ಸ್ ಬಾಕಿ ಇದೆ.

ದೊಡ್ಡ ಗಲಾಟೆ ಆದದ್ದು 2012ರ ಅಕ್ಟೋಬರ್ 26ರಂದು ಬಂದ ವಿಂಡೋಸ್ 8ಕ್ಕೆ. ಸ್ಟಾರ್ಟ್ ಬಟನ್ನೇ ಮಾಯ, ಪರದೆ ತುಂಬ ಬಣ್ಣದ ಚೌಕಗಳು, ಜೊತೆಗೆ ಕ್ಲಾಸಿಕ್ ಮುಖವೂ ಹೋಯಿತು. ಬಳಕೆದಾರರ ಕೂಗು ಎಷ್ಟಿತ್ತೆಂದರೆ, ಒಂದೇ ವರ್ಷದಲ್ಲಿ, 2013ರ ಅಕ್ಟೋಬರ್‌ನಲ್ಲಿ, 8.1ರ ಜೊತೆ ಬಟನ್ ವಾಪಸ್ ಬಂತು. ಒತ್ತಿದರೆ ಮಾತ್ರ ಅದೇ ಚೌಕಗಳು! ಮೆನು ಬರಬೇಕಾದರೆ 2015ರ ಜುಲೈ 29ರವರೆಗೆ, ವಿಂಡೋಸ್ 10ರವರೆಗೆ ಕಾಯಬೇಕಾಯಿತು.

ನಮ್ಮ ಕಡೆಯವರು ಕೂಗಲಿಲ್ಲ, ಸುಮ್ಮನೆ ಎಕ್ಸ್‌ಪಿಯಲ್ಲೇ ಉಳಿದರು. 2014ರ ಏಪ್ರಿಲ್ 8ಕ್ಕೆ ಅದರ ಬೆಂಬಲ ನಿಂತ ಮೇಲೂ ಹಳೇಬೀಡಿನ ನನ್ನ ಗೆಳೆಯನ ಜೆರಾಕ್ಸ್ ಅಂಗಡಿಯಲ್ಲಿ ಎಕ್ಸ್‌ಪಿ, ಅದೂ ಕ್ಲಾಸಿಕ್ ಮುಖದಲ್ಲಿ. ವೈರಸ್ ಬರುತ್ತೆ, ಬದಲಾಯಿಸು ಅಂದೆ. "ಕಂಪನಿಯವರು ಹಳೇದು ಬಿಡು ಅಂತಾರೆ. ನಮ್ಮೂರ ಹೆಸರೇ ಹಳೇಬೀಡು, ಹೆಂಗಪ್ಪ ಬಿಡೋದು?" ಅಂದ. ನಕ್ಕೆವು. ಆರು ತಿಂಗಳಲ್ಲಿ ವೈರಸ್ ಬಂದು ಅವನ ಗಿರಾಕಿಗಳ ಫೈಲೆಲ್ಲ ಹೋಯಿತು. ಹಾಗಾಗಿ ಹಳೆಯದನ್ನು ಹಿಡಿದು ಕೂರುವುದೇ ಸರಿ ಅಂತ ನಾನು ಹೇಳುತ್ತಿಲ್ಲ. ಅವನು ಹೆದರಿದ್ದು ಹೊಸದಕ್ಕಲ್ಲ, ದಾರಿ ತಪ್ಪುವುದಕ್ಕೆ. ಅಷ್ಟೇ ನನ್ನ ಮಾತು.

ಹಾಗಾದರೆ ಮುಖ ಕನ್ನಡದಲ್ಲಿದ್ದರೆ ಸಾಕಾ? ಒಮ್ಮೆ ಮಾವನಿಗೆ ಲಿನಕ್ಸ್‌ನಲ್ಲಿ ಕನ್ನಡದ ಗ್ನೋಮ್ ತೋರಿಸಿದೆ. ಕೂತು ಅನುವಾದಿಸಿದ ದೊಡ್ಡ ಕೆಲಸ ಅದು. ಮಾವ ನೋಡಿ, "ಫೈಲ್ ಅಂದ್ರೆ ಗೊತ್ತಾಗುತ್ತೆ, ಕಡತ ಅಂದ್ರೆ ತಾಲ್ಲೂಕಾಫೀಸ್ ನೆನಪಾಗುತ್ತೆ" ಅಂದರು! ಅಷ್ಟು ಹೊತ್ತಿಗೆ ಫೈಲ್, ಸೇವ್, ಪ್ರಿಂಟ್ ಅವರ ಕನ್ನಡವೇ ಆಗಿಬಿಟ್ಟಿದ್ದವು. ಕನ್ನಡದ ಮುಖ ಹತ್ತು ವರ್ಷ ಮೊದಲೇ ಅವರ ಕೈಗೆ ಸಿಕ್ಕಿದ್ದರೆ ಕಡತವೂ ಸಹಜವಾಗಿರುತ್ತಿತ್ತೇನೋ.

ಇಷ್ಟೆಲ್ಲ ಬದಲಾವಣೆಯಲ್ಲಿ ಮಾವನಿಗೆ ಬದಲಾಗದೆ ಉಳಿದದ್ದು ಒಂದೇ, ಕೀಲಿಮಣೆ. ಕೆ.ಪಿ. ರಾವ್ ಅವರು ಧ್ವನಿಯ ಜಾಡು ಹಿಡಿದು ರೂಪಿಸಿದ ವಿನ್ಯಾಸ ಅದು, ಮುಂದೆ ನುಡಿ ತಂತ್ರಾಂಶಕ್ಕೂ ಅದೇ ಆಧಾರವಾಯಿತು. ವಿಂಡೋಸ್ 98ರಲ್ಲಿ ಕಲಿತ ಬೆರಳು 11ರಲ್ಲೂ ಅದೇ ವೇಗದಲ್ಲಿ 'ಸ್ವಸ್ತಿಶ್ರೀ' ಹೊಡೆಯುತ್ತದೆ. ಒಳಗೆ ಫಾಂಟ್ ಬದಲಾಯಿತು, ಎನ್‌ಕೋಡಿಂಗ್ ಬದಲಾಯಿತು, ಬೆರಳಿಗೆ ಯಾರೂ ತೊಂದರೆ ಕೊಡಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಚೆನ್ನಕೇಶವನ ಗುಡಿಗೆ ಹೋದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಆ ಮಂಟಪದ ಸುತ್ತ ಗೋಡೆ ಇರಲಿಲ್ಲ. ಕಂಬಗಳ ನಡುವಿನ ಜಾಲಂಧ್ರಗಳು ಎರಡನೇ ಬಲ್ಲಾಳನ ಕಾಲದಲ್ಲಿ ಬಂದವು. ಒಳಗೆ ಕತ್ತಲಾಯಿತು ಅಂತ ಆಗಲೂ ಯಾರಾದರೂ ಗೊಣಗಿರಬೇಕು. ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ, ಗೊಣಗಿದವರ ಹೆಸರು ಯಾವ ಕಲ್ಲಿನಲ್ಲೂ ನಾನು ನೋಡಿಲ್ಲ. ಆದರೆ ಕಂಬಗಳನ್ನು ಯಾರೂ ಜರುಗಿಸಲಿಲ್ಲ. ಕಣ್ಣು ಮುಚ್ಚಿ ನಡೆದವನಿಗೂ ಅವು ಇದ್ದಲ್ಲೇ ಸಿಕ್ಕಿರುತ್ತವೆ.

ಮರುದಿನ ಬಸ್ ಹತ್ತುವ ಮುಂಚೆ ಮಾವ ಕೇಳಿದರು, "ಇನ್ನೊಂದು ಸಲ ಬದಲಾಯಿಸ್ತಾರೇನೋ?"

"ಬದಲಾಯಿಸ್ತಾರೆ ಮಾವ. ನಾನು ಮಾತ್ರ ನಿಮ್ಮನ್ನ ಕೇಳದೆ ಮುಟ್ಟಲ್ಲ" ಅಂದೆ. 2004ರಲ್ಲೇ ಹೇಳಬೇಕಿದ್ದ ಮಾತು.

ನಿಮಗೆ ಡಬ್ಬಿಗಳಿಲ್ಲದ ಕನ್ನಡ ಮೊದಲು ಕಂಡದ್ದು ಯಾವ ಆವೃತ್ತಿಯಲ್ಲಿ? ನೆನಪಿದ್ದರೆ ನೀವೂ ಬರೆಯಿರಿ.