ಮೈಸೂರು ಅರಮನೆಗೆ ದಾಕು ಬಂದ ಬಗೆ

ಸಿಡುಬನ್ನು ರೋಗವೆಂದು ಕರೆಯಲು ನಮ್ಮ ಹಿರಿಯರು ಅಂಜುತ್ತಿದ್ದರು. ಮೈಸೂರಿನಲ್ಲಾಗಲಿ, ತುಂಗಭದ್ರೆಯ ಆಚೆ ಮಸ್ಕಿ, ಸಂತೆಕಲ್ಲೂರುಗಳ ಸೀಮೆಯಲ್ಲಾಗಲಿ, ಅಮ್ಮ ಬಂದಿದ್ದಾಳೆ ಎನ್ನುವುದೇ ವಾಡಿಕೆ. ಬಂದವಳಿಗೆ ಬೇವಿನ ಸೊಪ್ಪು ಸಲ್ಲುತ್ತಿತ್ತು. ಔಷಧವನ್ನು ಸಲ್ಲಿಸೋಣವೆಂದರೆ ಔಷಧವೇ ಇರಲಿಲ್ಲ. ಒಮ್ಮೆ ಬಂದು ಬದುಕಿದವರಿಗೆ ಅದು ಮತ್ತೆ ಬಾರದೆಂಬುದೊಂದು ಮಾತ್ರ ಜನಕ್ಕೆ ಗೊತ್ತಿತ್ತು.

ಹಳೆಯ ಉಪಾಯವು ನಿಂತಿದ್ದುದು ಈ ಅನುಭವದ ಮೇಲೆಯೇ. ಬೊಕ್ಕೆಯ ಹಕ್ಕಳೆಯನ್ನು ಪುಡಿಮಾಡಿ ಆರೋಗ್ಯವಂತರ ಮೂಗಿಗೆ ಊದುವರು, ಇಲ್ಲವೆ ಕೀವನ್ನು ಚರ್ಮದಲ್ಲಿ ಗೀರಿ ಸೇರಿಸುವರು. ಬೇನೆಯು ಸಾಮಾನ್ಯವಾಗಿ ಸೌಮ್ಯವಾಗಿ ಬಂದುಹೋಗುತ್ತಿತ್ತು. ಆದರೆ ಅದು ನಿಜವಾದ ಸಿಡುಬೇ ಆದುದರಿಂದ ಕೆಲವರು ಸಾಯುತ್ತಿದ್ದರು, ನೆರೆಯವರಿಗೂ ಅಂಟುತ್ತಿತ್ತು.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಇದಕ್ಕೆ ಬದಲಾಗಿ ಗೋವಿನ ಸಿಡುಬಿನ ರಸವನ್ನು ಹಾಕಿ ನೋಡಿದನು. ಇದೇ ನಮ್ಮವರು ದಾಕು ಎಂದು ಕರೆದುದು. ಗೋವಿನ ಸಿಡುಬು ಸಾಧುವಾದದ್ದು, ಆದರೂ ಆ ಘೋರರೋಗದ ದಾಯಾದಿ. ಒಂದನ್ನು ಎದುರಿಸಲು ರಕ್ತದ ಬಿಳಿಯ ಕಣಗಳು ಸಿದ್ಧಪಡಿಸಿದ ಪ್ರತಿಕಾಯಗಳು ಇನ್ನೊಂದನ್ನೂ ಹಿಡಿಯುತ್ತವೆ. ಆ ಕಣಗಳಲ್ಲಿ ಕೆಲವು ಶತ್ರುವಿನ ಗುರುತನ್ನು ಮರೆಯದೆ ವರ್ಷಗಟ್ಟಲೆ ಉಳಿಯುತ್ತವೆ. ಜೆನ್ನರನಿಗೆ ಇದಾವುದೂ ತಿಳಿದಿರಲಿಲ್ಲ.

ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಬಂದ ರಸವನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಒಂದು ಪುಟ್ಟ ಮಗುವಿಗೆ ಹಾಕಿದರು. ಅದು ಹಿಡಿಯಿತು. ಮುಂದೆ ವಾರವಾರವೂ ಒಬ್ಬರ ತೋಳಿನ ಬೊಕ್ಕೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸಿಯೇ ರಸವನ್ನು ಉಳಿಸಿಕೊಳ್ಳಬೇಕಾಗಿತ್ತು. ತೊಡಕು ಇಲ್ಲಿಯೇ. ಯಾರ ಮೈಯ ರಸವು ಯಾರ ಮೈಗೆ? ಈ ಪ್ರಶ್ನೆಯನ್ನು ಬರಿಯ ಮೌಢ್ಯವೆಂದು ತಳ್ಳಿಬಿಡುವುದು ನಮಗೆ ಸರಿಯೆನಿಸದು. ತೋಳಿನಿಂದ ತೋಳಿಗೆ ಬೇರೆ ರೋಗಗಳೂ ದಾಟಬಲ್ಲುವಾಗಿದ್ದುವು.

ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯವರು 1796ರಲ್ಲಿ ಸಿಡುಬಿನಿಂದಲೇ ತೀರಿಕೊಂಡಿದ್ದರು. 1806ರ ವೇಳೆಗೆ ಬಾಲರಾಜರ ಅಜ್ಜಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ಅಂತಃಪುರದಲ್ಲಿಯೇ ದಾಕು ಹಾಕಿಸಿದರು. ಯಾರ ತೋಳನ್ನು ಪರರು ನೋಡಬಾರದೋ ಆ ತೋಳಿಗೆ!

ಆ ಕಾಲದಲ್ಲಿ ಥಾಮಸ್ ಹಿಕ್ಕಿಯು ಬರೆದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಬಲಗಡೆಯವರು ಸೆರಗನ್ನು ಸರಿಸಿ ಎಡತೋಳನ್ನು ತೋರಿಸುತ್ತಿದ್ದಾರೆ. ಎಡಗಡೆಯವರ ಮೂಗುಬಾಯಿಗಳ ಸುತ್ತ ಚರ್ಮದ ಬಣ್ಣ ಮಾಸಿದೆ. ಮೊದಲನೆಯವರು ಹೊಸ ದಾಕನ್ನೂ ಎರಡನೆಯವರು ಹಳೆಯ ಉಪಾಯವನ್ನೂ ಪಡೆದ ರಾಣಿಯರೆಂದು ಚರಿತ್ರಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಇಬ್ಬರ ಹೆಸರೂ ದೇವಾಜಮ್ಮಣ್ಣಿಯೇ. ಈ ವಾದವು ನಮಗೆ ಒಪ್ಪತಕ್ಕದ್ದಾಗಿಯೇ ತೋರುತ್ತದೆ. ಸುಮ್ಮನೆ ಸೆರಗು ಸರಿಸಿ ಕುಳಿತುಕೊಳ್ಳುವ ಕಾಲವು ಅದಲ್ಲ.

ಭಾರತದಲ್ಲಿ ಸಿಡುಬು ಕಡೆಯ ಬಾರಿ ಕಂಡುಬಂದದ್ದು 1975ರಲ್ಲಿ. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ದಾಕು ಹಾಕುವುದೂ ನಿಂತಿತು.