ವೃಷ್ಟಿವಾದವೂ ಅರಣ್ಯಶಾಸನವೂ

ಕಾಡು ಕಡಿದರೆ ಮಳೆ ಕುಗ್ಗುವುದೆಂಬ ಮಾತು ಇಂದು ಶಾಲಾಬಾಲಕರಿಗೂ ಪರಿಚಿತವಾದುದು. ಆದರೆ ಆ ಮಾತು ವಿದ್ವಾಂಸರ ಊಹೆಯಾಗಿ ಹುಟ್ಟಿ ರಾಜಶಾಸನಕ್ಕೆ ಆಧಾರವಾದ ಬಗೆಯನ್ನು ವಿಚಾರಿಸಿದವರು ವಿರಳ. ಪ್ರಕೃತಿಶಾಸ್ತ್ರವು ರಾಜನೀತಿಗೆ ಉಪದೇಶ ಮಾಡುವಾಗ ಅದರ ವಚನದಲ್ಲಿ ಸಿದ್ಧವಾದುದೆಷ್ಟು, ಇನ್ನೂ ಸಾಧ್ಯವಾಗಿ ಉಳಿದುದೆಷ್ಟು ಎಂಬ ವಿವೇಕವು ಅವಶ್ಯಕ. ಹತ್ತೊಂಬತ್ತನೆಯ ಶತಮಾನದ ಮಲೆನಾಡಿನ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ವಾದದ ಮೂಲವು ದೂರದೇಶದ್ದು. ಜರ್ಮನಿಯ ಹುಂಬೋಲ್ಟನು 1800ರಲ್ಲಿ ವೆನೆಜುವೆಲಾ ದೇಶದ ವಲೆನ್ಸಿಯಾ ಸರೋವರವನ್ನು ಕಂಡು, ಸುತ್ತಲಿನ ಕಾಡು ಸವೆದುದೇ ನೀರು ಇಳಿಯಲು ಕಾರಣವೆಂದು ನಿರ್ಣಯಿಸಿದನು. 1820ರ ದಶಕದಲ್ಲಿ ಅಲ್ಲಿಗೆ ಹೋದ ಫ್ರಾನ್ಸಿನ ಬುಸಿಂಗೋನು, ಯುದ್ಧದಿಂದ ಹೊಲಗಳು ಪಾಳುಬಿದ್ದು ಕಾಡು ಮರಳಿದ ಮೇಲೆ ಸರೋವರವು ಮತ್ತೆ ಏರುತ್ತಿದ್ದುದನ್ನು ಕಂಡನು. ಅನ್ವಯವೂ ವ್ಯತಿರೇಕವೂ ಒಂದೆಡೆಯಲ್ಲಿಯೇ ದೊರೆತಂತಾಗಿ, ವಿದ್ವಾಂಸರಲ್ಲಿ ಈ ವಾದಕ್ಕೆ ಗೌರವವು ಬಂದಿತು.

ಇದನ್ನು ನಮ್ಮ ನಾಡಿನ ಕಾಡುಗಳಿಗೆ ಅನ್ವಯಿಸಿದವರಲ್ಲಿ ಪ್ರಮುಖನು ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯನು. 1842ರಲ್ಲಿ ಕಂಪನಿಯ ಸೇವೆಗೆ ಸೇರಿದ ಈತನು ಕೆಲವು ವರ್ಷ ಶಿವಮೊಗ್ಗೆಯಲ್ಲಿದ್ದು, ಚಿತ್ರಕಾರನೊಬ್ಬನಿಂದ ದಿನಕ್ಕೊಂದರಂತೆ ಅಲ್ಲಿಯ ಸಸ್ಯಗಳ ಚಿತ್ರಗಳನ್ನು ಬರೆಯಿಸಿದನು. ಮಲೆಯ ಕುಮರಿ ಬೇಸಾಯವನ್ನು ಈತನು ಬಲ್ಲವನಾಗಿದ್ದನು. ಬೇಸಗೆಯಲ್ಲಿ ಮರಗಳನ್ನು ಕಡಿದು ಸುಟ್ಟು, ಮೊದಲ ಮಳೆಗೆ ಆ ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತಿ, ಒಂದೆರಡು ಬೆಳೆಯಾದ ಮೇಲೆ ಆ ನೆಲವನ್ನು ಹಲವು ವರ್ಷ ಬಿಟ್ಟುಬಿಡುವುದೇ ಕುಮರಿಯ ಕ್ರಮ.

1850ರಲ್ಲಿ ಎಡಿನ್‌ಬರೋ ನಗರದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನಸಂಘವು ಉಷ್ಣವಲಯದ ಅರಣ್ಯನಾಶದ ಫಲಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನಿಯಮಿಸಿತು. ಕ್ಲೆಗ್‌ಹಾರ್ನನೂ ಅದರಲ್ಲಿದ್ದನು. 1851ರ ವರದಿಯಲ್ಲಿ ಎರಡು ಬಗೆಯ ವಿಷಯಗಳುಂಟು. ಕಾಡು ಹೋದೆಡೆ ಒರತೆ ಬತ್ತುವುದು, ಮಣ್ಣು ಕೊಚ್ಚಿಹೋಗುವುದು ಎಂಬುವು ಕಣ್ಣಿಗೆ ಕಾಣುವ ಸಂಗತಿಗಳು. ಮಳೆಯೇ ಕಡಮೆಯಾಗುವುದೆಂಬುದಾದರೋ ಊಹೆಯ ಮಾತು. ಇವೆರಡಕ್ಕೂ ಸಮಾನವಾದ ಪ್ರಾಮಾಣ್ಯವಿರಲಿಲ್ಲ.

ಶಾಸನವು ಈ ಭೇದವನ್ನು ಲೆಕ್ಕಿಸಲಿಲ್ಲ. 1856ರಲ್ಲಿ ಕ್ಲೆಗ್‌ಹಾರ್ನನು ಮದ್ರಾಸು ಪ್ರಾಂತದ ಅರಣ್ಯಾಧಿಕಾರಿಯಾದನು. 1860ರಲ್ಲಿ ಆ ಸರಕಾರವು ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡಕೂಡದೆಂದು ಆಜ್ಞಾಪಿಸಿತು. ಕನ್ನಡ ಜಿಲ್ಲೆಯ ಮಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುವು. 1864ರಲ್ಲಿ ಬ್ರಾಂಡಿಸನ ಆಡಳಿತದಲ್ಲಿ ಇಂಡಿಯಾದ ಅರಣ್ಯ ಇಲಾಖೆಯು ಸ್ಥಾಪಿತವಾಗಿ, 1865ರಲ್ಲಿಯೂ 1878ರಲ್ಲಿಯೂ ಕಾಯಿದೆಗಳು ಬಂದುವು. ಇದೇ ಕಾಲದಲ್ಲಿ ಹಡಗುಕಟ್ಟೆಗಳಿಗೆ ತೇಗವೂ, 1853ರಲ್ಲಿ ಮೊದಲಾದ ರೈಲುದಾರಿಗೆ ಅಡಿಮರಗಳೂ ಕಾಡಿನಿಂದಲೇ ಹೋಗುತ್ತಿದ್ದುವು. ಹೀಗಿರಲು ಮಳೆಯ ಹೆಸರಿನಲ್ಲಿ ಕಾಡಿನ ರಕ್ಷಣೆಯೂ ನಡೆಯಿತು, ಮರದ ಮೇಲಿನ ಸರಕಾರದ ಹಕ್ಕೂ ದೃಢವಾಯಿತು. ಕುಮರಿಯ ಒಕ್ಕಲು ಮಾತ್ರ ಅಪರಾಧಿಯಾಗಿ ನಿಂತನು.

ವೃಷ್ಟಿವಾದದ ವ್ಯಾಪ್ತಿಯು ನಿರ್ದುಷ್ಟವಲ್ಲ. ಬೆಂಕಿಯಿಂದ ಹೊಗೆಯನ್ನು ಊಹಿಸುವಾಗ ಹಸಿಯ ಸೌದೆಯು ಉಪಾಧಿಯಾಗುವುದೆಂದು ನೈಯಾಯಿಕರು ಹೇಳುವರಷ್ಟೆ. ಅಂತೆಯೇ ಮಲೆನಾಡಿನಲ್ಲಿ ಕಾಡಿನಿಂದ ಮಳೆಯನ್ನು ಊಹಿಸುವಾಗ ಸಹ್ಯಾದ್ರಿಯೇ ಉಪಾಧಿ. ಅರಬ್ಬೀಸಮುದ್ರದ ಮುಂಗಾರು ಗಾಳಿಯು ಬೆಟ್ಟವನ್ನೇರಿ ತಣಿದು ಮಳೆಗರೆಯುವುದು. ಅಲ್ಲಿಯ ದಟ್ಟವಾದ ಕಾಡು ಬಹುಮಟ್ಟಿಗೆ ಆ ಮಳೆಯ ಕಾರ್ಯವೇ ಹೊರತು ಕಾರಣವಲ್ಲ. ಇಂಡಿಯಾದ ಹವಾಮಾನ ಇಲಾಖೆಯು ಹುಟ್ಟಿದುದು 1875ರಲ್ಲಿ. ಅದರ ಮೊದಲ ಮುಖ್ಯಸ್ಥನಾದ ಬ್ಲಾನ್‌ಫರ್ಡನು ಮಳೆಯ ಅಂಕಗಳಿಂದ ಈ ಪ್ರಶ್ನೆಯನ್ನು ಪರೀಕ್ಷಿಸಿದುದು 1880ರ ದಶಕದಲ್ಲಿ. ಎಂದರೆ ಶಾಸನವು ಮುಂದೆ ನಡೆದು, ಪರೀಕ್ಷೆಯು ಹಿಂದೆ ಬಂದಿತು.

ಹಾಗೆಂದು ವಾದವೆಲ್ಲವೂ ಮಿಥ್ಯೆಯೆನ್ನಲಾಗದು. ಅಮೆಜಾನ್ ಕಣಿವೆಯಂತಹ ವಿಶಾಲವಾದ ಅರಣ್ಯದಲ್ಲಿ ಮರಗಳು ಬಿಡುವ ಆವಿಯೇ ಮತ್ತೆ ಮಳೆಯಾಗುವುದೆಂದು 1970ರ ದಶಕದಿಂದ ನಡೆದ ಶೋಧನೆಗಳು ತೋರಿಸಿವೆ. ಮಣ್ಣು ಮತ್ತು ಒರತೆಗಳ ವಿಷಯದ ಮಾತಂತೂ ಅಂದಿಗೂ ಇಂದಿಗೂ ನಿಜವೇ. ಅಷ್ಟನ್ನೇ ಹೇಳಿದ್ದರೂ ಕಾಡಿನ ರಕ್ಷಣೆಗೆ ಸಾಕಷ್ಟು ಆಧಾರವಿರುತ್ತಿತ್ತು. ಆದರೆ ಆಗ ಕೊಡಲಿಯನ್ನೆತ್ತಿದವರೆಲ್ಲರನ್ನೂ, ಇಲಾಖೆಯನ್ನೂ ಸೇರಿಸಿ, ಒಂದೇ ಅಳತೆಯಿಂದ ಅಳೆಯಬೇಕಾಗುತ್ತಿತ್ತು.

ಕಾಲಾಂತರದಲ್ಲಿ ಈ ಎರಡು ಲೋಪಗಳಿಗೂ ಪರಿಹಾರವನ್ನು ಅರಸಿದುದು ಕಂಡುಬರುತ್ತದೆ. 1988ರಲ್ಲಿ ಸ್ಥಾಪಿತವಾದ ಅಂತರ್ದೇಶೀಯ ಹವಾಮಾನ ಸಮಿತಿಯು ತನ್ನ ಮುಖ್ಯ ನಿರ್ಣಯಗಳೊಡನೆ ಅವುಗಳ ನಿಶ್ಚಯದ ತರತಮವನ್ನೂ ಹೇಳುವ ಪದ್ಧತಿಯನ್ನು ಬೆಳೆಸಿಕೊಂಡಿತು. 2006ರ ಅರಣ್ಯಹಕ್ಕು ಕಾಯಿದೆಯು ಕಾಡಿನ ಜನರಿಗೆ ಹಿಂದೆ ಅನ್ಯಾಯವಾಯಿತೆಂದು ಒಪ್ಪಿಕೊಂಡಿತು. ಸಂಶಯವನ್ನು ಸಂಶಯವೆಂದೇ ತಿಳಿಸುವುದರಿಂದ ಶಾಸ್ತ್ರಕ್ಕೆ ಕುಂದಿಲ್ಲ. ಅದನ್ನು ಮರೆಯಿಸಿ ಶಾಸನ ಮಾಡಿದರೆ, ಆ ಭಾರವನ್ನು ಹೊರುವವರು ವಾದದಲ್ಲಿ ಭಾಗಿಗಳೇ ಅಲ್ಲದ ಬಡವರು.