ಸಿಗ್ನಲ್: ವಾಟ್ಸ್‌ಆ್ಯಪ್‌ಗೊಂದು ಪರ್ಯಾಯ

ಸಿಗ್ನಲ್ ದೇಣಿಗೆಯ ಬಲದಿಂದ ನಡೆಯುವ ಉಚಿತ ಸಂದೇಶ ತಂತ್ರಾಂಶ. ವಾಟ್ಸ್‌ಆ್ಯಪ್ 2014ರಲ್ಲಿ ಫೇಸ್‌ಬುಕ್ ಪಾಲಾಯಿತು. ಅದರ ಸಹಸಂಸ್ಥಾಪಕ ಬ್ರಯಾನ್ ಆ್ಯಕ್ಟನ್ 2017ರಲ್ಲಿ ಹೊರಬಂದು, ಮರುವರ್ಷ 5 ಕೋಟಿ ಡಾಲರ್ ಒದಗಿಸಿ, ಮಾಕ್ಸಿ ಮಾರ್ಲಿನ್‌ಸ್ಪೈಕ್ ಅವರೊಡನೆ ಸಿಗ್ನಲ್ ಪ್ರತಿಷ್ಠಾನವನ್ನು ಸ್ಥಾಪಿಸಿದರು.

ಖಾಸಗಿ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ವಿಧಾನ ಎರಡರಲ್ಲೂ ಒಂದೇ. ಒಕ್ಕಣೆಯನ್ನು ಎರಡೂ ಸಂಸ್ಥೆಗಳು ಓದಲಾರವು. ವ್ಯತ್ಯಾಸವಿರುವುದು ಬಳಕೆಯ ವಿವರಗಳಲ್ಲಿ. ವಾಟ್ಸ್‌ಆ್ಯಪ್ ಅವನ್ನು ಸಂಗ್ರಹಿಸುತ್ತದೆ. ಸಿಗ್ನಲ್ ಬಹುತೇಕ ಏನನ್ನೂ ಉಳಿಸಿಕೊಳ್ಳುವುದಿಲ್ಲ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿ ತನಿಖೆಗಾಗಿ ಮಾಹಿತಿ ಕೇಳಿದಾಗ, ಸಿಗ್ನಲ್ ನಿರ್ವಾಹಕರು ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಸಮಯ ಮತ್ತು ಕೊನೆಯ ಸಂಪರ್ಕದ ದಿನ.

ನೋಂದಣಿಗೆ ಮೊಬೈಲ್ ಸಂಖ್ಯೆ ಅಗತ್ಯ. 2024ರಿಂದ ಅದನ್ನು ಇತರರಿಗೆ ಕಾಣದಂತೆ ಇರಿಸಬಹುದು. ಬಂಧುಮಿತ್ರರೂ ಇದನ್ನು ಅಳವಡಿಸಿಕೊಂಡಾಗಲೇ ಈ ಬದಲಾವಣೆ ಸಾರ್ಥಕ.